ದೇವರನ್ನು ನಂಬದ ಯಹೂದಿ, ಆದರೂ ಯಹೂದಿ: ಪಿಟ್ಸ್‌ಬರ್ಗ್ ಬಗ್ಗೆ ಒಂದು ಪ್ರಶ್ನೆ

ಅಳಿಲುಗುಡ್ಡ

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಪಿಟ್ಸ್‌ಬರ್ಗ್‌ನ ಸ್ಕ್ವಿರಲ್ ಹಿಲ್‌ನಲ್ಲಿ. ನಮ್ಮ ಜನಕ್ಕೆ ಪಿಟ್ಸ್‌ಬರ್ಗ್ ಅಂದರೆ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ, ಇಲ್ಲಾಂದ್ರೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ. ಸ್ಕ್ವಿರಲ್ ಹಿಲ್ ಹಳೆಯ ಯಹೂದಿ ಬಡಾವಣೆ. ಫೋರ್ಬ್ಸ್ ಮತ್ತು ಮರ್ರೇ ರಸ್ತೆ ಕೂಡುವ ಮೂಲೆಯಲ್ಲಿ ಅವರ ಸಮುದಾಯ ಭವನವಿದೆ. ಅದರ ಗಡಿಯಾರದಲ್ಲಿ ಅಂಕಿಗಳ ಜಾಗದಲ್ಲಿ ಹೀಬ್ರೂ ಅಕ್ಷರಗಳು. ನನ್ನ ಮಗಳು ಟೈಮ್ ನೋಡೋದು ಕಲಿತಿದ್ದು ಅದರಲ್ಲೇ.

2018ರ ಅಕ್ಟೋಬರ್ 27ರಂದು ಇಲ್ಲಿನ ಟ್ರೀ ಆಫ್ ಲೈಫ್ ಸಿನಗಾಗ್‌ಗೆ (ಯಹೂದಿಗಳ ಪ್ರಾರ್ಥನಾ ಮಂದಿರ) ಒಬ್ಬ ಬಂದೂಕು ಹಿಡಿದು ನುಗ್ಗಿ 11 ಜನರನ್ನು ಕೊಂದ. ಅದು ನಡೆದಾಗ ನಾವಿನ್ನೂ ಇಲ್ಲಿಗೆ ಬಂದಿರಲಿಲ್ಲ.

ನಮ್ಮ ಮನೆ ಮಾಲೀಕರು 80 ದಾಟಿದ ಯಹೂದಿ, ನಿವೃತ್ತ ಮೇಷ್ಟ್ರು. ದೇವರಿಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾರೆ. ಸಿನಗಾಗ್‌ಗೆ ಹೋಗುವುದಿಲ್ಲ. ಯೋಮ್ ಕಿಪ್ಪೂರ್ ಉಪವಾಸದ ದಿನ ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು, ನಾನೇ ನೋಡಿದ್ದೇನೆ. ಆದರೆ ಅಕ್ಟೋಬರ್ 27 ಹತ್ತಿರ ಬಂದರೆ ಮನುಷ್ಯ ಬೇರೆಯೇ ಆಗುತ್ತಾರೆ. ಆ 11 ಜನರ ಹೆಸರನ್ನೂ ಬಾಯಿಪಾಠ ಹೇಳುತ್ತಾರೆ. "ಅವರು ನಮ್ಮವರು" ಅನ್ನುತ್ತಾರೆ.

ಪ್ರತಿ ವರ್ಷ ಆ ದಿನ ಇಲ್ಲಿ ಸ್ಮರಣೆ ಕಾರ್ಯಕ್ರಮ ಇರುತ್ತದೆ. ಈ ಸಲ ನೀವೂ ಬನ್ನಿ ಅಂತ ನಮ್ಮನ್ನು ಕರೆದಿದ್ದಾರೆ. ನನ್ನ ಪ್ರಶ್ನೆ ಎರಡು. ನಂಬಿಕೆಯೇ ಇಲ್ಲದವರು ಯಾವ ಲೆಕ್ಕದಲ್ಲಿ ಯಹೂದಿ? ಮತ್ತೆ ನಮ್ಮಂಥ ಹೊರಗಿನವರು ಹೋಗಿ ಸುಮ್ನೆ ನಿಂತು ಬಂದರೆ ಅದಕ್ಕೇನಾದರೂ ಅರ್ಥ ಇದೆಯಾ?

ಬಸವನಗುಡಿ_ಬೈಟು

ಮೊದಲನೆಯದು ಸುಲಭ. ನಮ್ಮ ದೊಡ್ಡಪ್ಪ ಜನಿವಾರ ತೆಗೆದು ಎಷ್ಟೋ ಕಾಲವಾಯಿತು, ಎಚ್. ನರಸಿಂಹಯ್ಯನವರ ಭಾಷಣ ಒಂದನ್ನೂ ಬಿಟ್ಟವರಲ್ಲ. ಯುಗಾದಿಗೆ ಬೇವು ಬೆಲ್ಲ ಕೊಡದಿದ್ದರೆ ಮಾತ್ರ ಮನೆ ಎರಡು ಮಾಡುತ್ತಾರೆ. ನಿಮ್ಮ ಮಾಲೀಕರೂ ಅಷ್ಟೇ.

ಕಡಲತಡಿ

ಬೈಟು ಅವರೇ, ಅಷ್ಟೇ ಅಲ್ಲ. ನಿಮ್ಮ ದೊಡ್ಡಪ್ಪನ್ನ ಬೇವು ಬೆಲ್ಲ ತಿಂದಿದ್ದಕ್ಕೆ ಯಾರೂ ಹುಡುಕಿಕೊಂಡು ಬಂದು ಹೊಡೆಯುವುದಿಲ್ಲ ಅಲ್ವಾ? ಯಹೂದಿಗಳ ವಿಷಯದಲ್ಲಿ ಅರ್ಧ ಮಾತು ಅಲ್ಲೇ ಇದೆ.

ಇತಿಹಾಸ ಸ್ವಲ್ಪ ಬರೆಯುತ್ತೇನೆ, ಬೇಜಾರಾದರೆ ದಾಟಿ ಹೋಗಿ. ನಂಬಿಕೆ ಇಲ್ಲದ ಯಹೂದಿತನ ನಿನ್ನೆ ಮೊನ್ನೆಯದಲ್ಲ. 1897ರಲ್ಲಿ ವಿಲ್ನಾದಲ್ಲಿ (ಈಗಿನ ಲಿಥುವೇನಿಯಾದ ವಿಲ್ನಿಯಸ್) 'ಬುಂದ್' ಅಂತ ಯಹೂದಿ ಕಾರ್ಮಿಕರ ಪಕ್ಷ ಹುಟ್ಟಿತು. ಧರ್ಮವನ್ನು ಪಕ್ಕಕ್ಕಿಟ್ಟ ಸಮಾಜವಾದಿಗಳು. ಅವರ ಯಹೂದಿತನ ಇದ್ದಿದ್ದು ಯಿಡ್ಡಿಷ್ ಭಾಷೆಯಲ್ಲಿ, ಅದರ ಹಾಡು, ನಾಟಕ, ಪತ್ರಿಕೆ, ಯೂನಿಯನ್‌ಗಳಲ್ಲಿ. ಅಮೆರಿಕಕ್ಕೆ ಬಂದ ಇಂಥದೇ ಯಹೂದಿ ಕಾರ್ಮಿಕರು 1900ರಲ್ಲಿ ವರ್ಕ್‌ಮೆನ್ಸ್ ಸರ್ಕಲ್ ಕಟ್ಟಿದರು. ಕಾಯಿಲೆ ಬಿದ್ದರೆ ಸಹಾಯ, ಸತ್ತರೆ ಮಣ್ಣಿಗೆ ಜಾಗ, ಮಕ್ಕಳಿಗೆ ಯಿಡ್ಡಿಷ್ ಶಾಲೆ. 1963ರಲ್ಲಿ ಮಿಷಿಗನ್‌ನಲ್ಲಿ ಶೆರ್ವಿನ್ ವೈನ್ ಎಂಬ ರಬ್ಬಿ (ಯಹೂದಿ ಧರ್ಮಗುರು) ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪ್ರಾರ್ಥನೆಯಿಂದ ದೇವರನ್ನೇ ತೆಗೆದುಹಾಕಿ ಒಂದು ಸಭೆ ಶುರು ಮಾಡಿದರು. ಅದಕ್ಕೆ ಹ್ಯುಮನಿಸ್ಟಿಕ್ ಜುಡಾಯಿಸಂ ಅನ್ನುತ್ತಾರೆ.

ಪ್ಯೂ ಸಂಶೋಧನಾ ಸಂಸ್ಥೆಯ 2020ರ ಸಮೀಕ್ಷೆಯ ಪ್ರಕಾರ ಅಮೆರಿಕದ ವಯಸ್ಕ ಯಹೂದಿಗಳಲ್ಲಿ ಶೇ. 27ರಷ್ಟು ಜನ ತಮಗೆ ಧರ್ಮವಿಲ್ಲ, ಆದರೂ ತಾವು ಯಹೂದಿಗಳು ಅಂದಿದ್ದಾರೆ. ನಿಮ್ಮ ಮಾಲೀಕರಿಗೆ ಜೊತೆ ಬೇಕಾದಷ್ಟಿದೆ.

ಸಂಶಯಪ್ಪ

ಧರ್ಮ ಬೇಡ, ಗುರುತು ಮಾತ್ರ ಬೇಕು. ಇದು ಜಾತಿ ಬಿಟ್ಟೆ ಅಂತ ಹೇಳಿ ಮದುವೆಗೆ ಮಾತ್ರ ಜಾತಿ ನೋಡುವ ನಮ್ಮ ಪ್ರಗತಿಪರರ ಹಾಗೇ ಇದೆಯಲ್ಲ.

ಇನ್‌ಸ್ಟಿಟ್ಯೂಟ್_ನೆರಳು

ಸಂಶಯಪ್ಪನವರೇ, ಗುರುತು ಬೇಡ ಅಂದರೂ ಬಿಡದ ಕಥೆ ನಮ್ಮ ಬೆಂಗಳೂರಿಗೇ ಬಂದಿತ್ತು.

ಮ್ಯಾಕ್ಸ್ ಬಾರ್ನ್ ಹೆಸರು ಭೌತಶಾಸ್ತ್ರ ಓದಿದವರಿಗೆ ಗೊತ್ತು. ಯಹೂದಿ ಮನೆತನದಲ್ಲಿ ಹುಟ್ಟಿದವರು. ಮದುವೆಯಾದ ಮೇಲೆ ಲೂಥರನ್ ಚರ್ಚಿನಲ್ಲಿ ದೀಕ್ಷೆಯನ್ನೂ ಪಡೆದರು. ಧರ್ಮದ ಗೊಡವೆಯೇ ಇಲ್ಲದ ಮನುಷ್ಯ. ನಾಜಿಗಳು ಅದನ್ನೆಲ್ಲ ಕೇಳಲಿಲ್ಲ. 1933ರಲ್ಲಿ ಗಾಟಿಂಗನ್ ವಿಶ್ವವಿದ್ಯಾಲಯದ ಕೆಲಸ ಹೋಯಿತು. 1935ರಲ್ಲಿ ಸಿ.ವಿ. ರಾಮನ್ ಅವರನ್ನು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ (ಭಾರತೀಯ ವಿಜ್ಞಾನ ಸಂಸ್ಥೆ) ಕರೆಸಿಕೊಂಡರು. ಖಾಯಂ ಪ್ರೊಫೆಸರ್ ಮಾಡಬೇಕೆಂದು ರಾಮನ್ ಹಟ ಹಿಡಿದಾಗ ಸಭೆಯಲ್ಲಿ ಒಬ್ಬ ಇಂಗ್ಲಿಷ್ ಪ್ರೊಫೆಸರ್ ಎದ್ದು ನಿಂತ. ತನ್ನ ದೇಶದಿಂದಲೇ ಓಡಿಸಲ್ಪಟ್ಟ ಎರಡನೇ ದರ್ಜೆಯ ಪರದೇಶಿ ನಮಗೆ ಸಾಲದು ಎಂಬ ಅರ್ಥದಲ್ಲಿ ಮಾತಾಡಿದ. ಬಾರ್ನ್ ಎದುರಿಗೇ ಕೂತಿದ್ದರು. ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತುಬಿಟ್ಟರು ಅಂತ ತಾವೇ ಬರೆದುಕೊಂಡಿದ್ದಾರೆ. ಕೊನೆಗೆ ಎಡಿನ್‌ಬರೋಗೆ ಹೋದರು. 1954ರಲ್ಲಿ ನೊಬೆಲ್ ಬಂತು.

ಇದರ ಇನ್ನೊಂದು ಮುಖವೂ ನಮ್ಮಲ್ಲೇ ಇದೆ. ಬರ್ಲಿನ್‌ನ ಆಟೋ ಕೋನಿಗ್ಸ್‌ಬರ್ಗರ್ ಎಂಬ ವಾಸ್ತುಶಿಲ್ಪಿ ನಾಜಿಗಳಿಂದ ತಪ್ಪಿಸಿಕೊಂಡು ಕೊನೆಗೆ 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಕರೆಸಿಕೊಂಡವರು ದಿವಾನ್ ಮಿರ್ಜಾ ಇಸ್ಮಾಯಿಲ್. ಹಿಂದೂ ಮಹಾರಾಜರ ಮುಸ್ಲಿಂ ದಿವಾನರು ಯಹೂದಿ ನಿರಾಶ್ರಿತನಿಗೆ ಸರ್ಕಾರಿ ಕೆಲಸ ಕೊಟ್ಟರು. ಅದಕ್ಕೊಂದು ಸಮಾರಂಭ ನಡೆಯಲಿಲ್ಲ, ಸೌಹಾರ್ದ ಅಂತ ಬ್ಯಾನರ್ ಕಟ್ಟಲಿಲ್ಲ. ಕೆಲಸ ಕೊಟ್ಟರು, ಅಷ್ಟೇ. ಟಾಟಾ ಇನ್‌ಸ್ಟಿಟ್ಯೂಟ್ ಒಳಗೆ ಅವರು ಕಟ್ಟಿದ ಕಟ್ಟಡಗಳು ಇವತ್ತಿಗೂ ಇವೆ.

ಅಳಿಲುಗುಡ್ಡ

ಬಾರ್ನ್ ಕಥೆ ಗೊತ್ತಿರಲಿಲ್ಲ. ಮಾಲೀಕರಿಗೆ ಹೇಳಿದೆ. "ಅದಕ್ಕೇ ನಾನು ದೀಕ್ಷೆಗೆ ದುಡ್ಡು ಖರ್ಚು ಮಾಡಲಿಲ್ಲ" ಅಂದರು!

ಸಂಶಯಪ್ಪನವರ ಪ್ರಶ್ನೆಯನ್ನೂ ಕೇಳಿಬಿಟ್ಟೆ. ಅವರು ತಾವು ಮಾಡುತ್ತಿದ್ದ ಒಂದು ಕೆಲಸದ ಬಗ್ಗೆ ಹೇಳಿದರು. ಯಹೂದಿಗಳಲ್ಲಿ ಹೆಣವನ್ನು ಮಣ್ಣು ಮಾಡುವ ತನಕ ಒಂಟಿಯಾಗಿ ಬಿಡುವ ಹಾಗಿಲ್ಲ. ಸರದಿಯ ಮೇಲೆ ಯಾರಾದರೂ ಹತ್ತಿರ ಕೂತಿರಬೇಕು, ರಾತ್ರಿಯೆಲ್ಲ. ಕೂತವರು ದಾವೀದನ ಕೀರ್ತನೆಗಳನ್ನು ಓದುತ್ತಾರೆ. ಇವರು ಎಷ್ಟೋ ವರ್ಷ ಆ ಸರದಿಗೆ ಹೆಸರು ಕೊಟ್ಟು ಕೂತಿದ್ದಾರಂತೆ. ಏನು ಓದುತ್ತಿದ್ದಿರಿ ಅಂದೆ. ಪತ್ತೇದಾರಿ ಕಾದಂಬರಿ ಅಂದರು. "ಕೂರುವುದು ನನ್ನ ಕೆಲಸ. ಕೀರ್ತನೆ ಬೇಕಾದರೆ ಅದನ್ನು ಬರೆಸಿದವನೇ ಓದಿಕೊಳ್ಳಲಿ."

ಧಾರವಾಡದ_ಮಳಿ

ಆಹಾ, ಈ ಅಜ್ಜಾರ ಜೊತೆ ಒಂದು ಕಪ್ ಚಹಾ ಕುಡೀಬೇಕು ನೋಡ್ರಿ.

ಭಟ್ಕಳದ_ಹುಡುಗಿ

ನಾನು ಟೊರೊಂಟೊದಲ್ಲಿದ್ದೇನೆ. ಎರಡನೇ ಪ್ರಶ್ನೆಗೆ ನನ್ನ ಅನುಭವ ಹೇಳುತ್ತೇನೆ.

2017ರ ಜನವರಿ 29ರಂದು ಕ್ವಿಬೆಕ್ ನಗರದ ಮಸೀದಿಯಲ್ಲಿ ಒಬ್ಬ ಗುಂಡು ಹಾರಿಸಿ ನಮಾಜಿಗೆ ಬಂದಿದ್ದ ಆರು ಜನರನ್ನು ಕೊಂದ. ಮುಂದಿನ ಶುಕ್ರವಾರ ಟೊರೊಂಟೊದ ಮಸೀದಿಗಳಿಗೆ ಹೋದವರಿಗೆ ಹೊರಗೆ ಸುತ್ತಲೂ ಜನ ಕೈ ಹಿಡಿದು ನಿಂತಿದ್ದು ಕಾಣಿಸಿತು. ಹಾಗೆ ನಿಲ್ಲೋಣ ಅಂತ ಹೊರಟವರು ಒಬ್ಬ ಮಹಿಳಾ ರಬ್ಬಿ. ಪಿಟ್ಸ್‌ಬರ್ಗ್ ಆದ ಮುಂದಿನ ಶನಿವಾರ ನಮ್ಮ ಸರದಿ. ನಾವು ಸಿನಗಾಗ್‌ಗಳ ಸುತ್ತ ನಿಂತೆವು.

ಪ್ರಾಮಾಣಿಕವಾಗಿ ಹೇಳುತ್ತೇನೆ, ಅಲ್ಲಿ ಭಾವುಕವಾದದ್ದು ಕಮ್ಮಿ. ಚಳಿ. ಪಕ್ಕದವರ ಗ್ಲೌಸ್ ಒದ್ದೆ. ಕೈ ಹಿಡಿದುಕೊಂಡಿದ್ದರಿಂದ ಮೂಗು ಒರೆಸಿಕೊಳ್ಳಲೂ ಆಗುತ್ತಿರಲಿಲ್ಲ. ಒಳಗೆ ಹೋಗುವ ವಯಸ್ಸಾದ ಹೆಂಗಸೊಬ್ಬರು ನಿಂತು, ಸಾಲಿನ ಉದ್ದಕ್ಕೂ ಒಬ್ಬೊಬ್ಬರ ಮುಖವನ್ನೇ ನೋಡುತ್ತಾ ಹೋದರು. ಏನೂ ಹೇಳಲಿಲ್ಲ.

ಅದಕ್ಕೇ ನಿಮಗೆ ಹೇಳುವುದು, ಸುಮ್ನೆ ನಿಂತು ಬಂದರೂ ಅರ್ಥ ಇದೆ. ಒಳಗೆ ಇರುವವರಿಗೆ ಆ ವಾರ ಬೇಕಾಗಿರುವುದು ಬಾಗಿಲ ಹೊರಗೆ ಯಾರಿದ್ದಾರೆ ಅನ್ನುವ ಉತ್ತರ. ಕ್ವಿಬೆಕ್ ಆದ ವಾರ ನಮ್ಮಮ್ಮ ಭಟ್ಕಳದಿಂದ ದಿನಾ ಫೋನ್ ಮಾಡಿ, ಮಸೀದಿ ಕಡೆ ತಲೆ ಹಾಕಬೇಡ ಅನ್ನುತ್ತಿದ್ದರು. ಹೊರಗೆ ಯಹೂದಿಗಳು ಕಾವಲು ನಿಂತಿದ್ದಾರೆ ಅಂದೆ. ಅಮ್ಮ ನಂಬಲಿಲ್ಲ, ಫೋಟೋ ಕಳಿಸು ಅಂದರು.

ನರ್ಸಮ್ಮ_ಓಹಾಯೋ

ನಾನು ಎಮರ್ಜೆನ್ಸಿ ನರ್ಸ್. ಪಿಟ್ಸ್‌ಬರ್ಗ್ ಅಂದರೆ ನನ್ನ ತಲೆಯಲ್ಲಿ ಉಳಿದಿರುವುದು ಬೇರೆ.

ಗುಂಡು ಹಾರಿಸಿದವನಿಗೂ ಪೊಲೀಸರ ಗುಂಡು ತಾಗಿತ್ತು. ಅವನನ್ನು ಅಲೆಗೆನಿ ಜನರಲ್ ಆಸ್ಪತ್ರೆಗೆ ತಂದರು. ತರುವಾಗಲೂ ಯಹೂದಿಗಳು ಸಾಯಬೇಕು ಅಂತ ಕೂಗುತ್ತಿದ್ದನಂತೆ. ಅವನ ಆರೈಕೆ ಮಾಡಿದವರಲ್ಲಿ ಯಹೂದಿಗಳೂ ಇದ್ದರು. ಆಸ್ಪತ್ರೆಯ ಮುಖ್ಯಸ್ಥ ಡಾ. ಜೆಫ್ರಿ ಕೊಹೆನ್ ಅದೇ ಟ್ರೀ ಆಫ್ ಲೈಫ್ ಸಭೆಯವರು, ಸತ್ತವರಲ್ಲಿ ಕೆಲವರ ಪರಿಚಯವಿದ್ದವರು. ಅವರೂ ಹೋಗಿ ಅವನನ್ನು ಮಾತಾಡಿಸಿ, ನೋವಿದೆಯಾ ಅಂತ ವಿಚಾರಿಸಿದರು. ಒಬ್ಬ ನರ್ಸ್ ರಬ್ಬಿಯ ಮಗ. ಆಮೇಲೆ ಅವರು ಫೇಸ್‌ಬುಕ್‌ನಲ್ಲಿ ಬರೆದರು. ತಾನು ಯಹೂದಿ ಅಂತ ಅವನಿಗೆ ಹೇಳಲೇ ಇಲ್ಲವಂತೆ.

ಜನ ಇದನ್ನು ಓದಿ ದೇವತೆಗಳು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಸ್ಟ್ರೆಚರ್ ಬಂದಾಗ ಮೊದಲು ಕೈಗೆ ಬರುವುದು ಕತ್ತರಿ. ಪ್ಯಾಂಟಿನ ಕೆಳಗಿನಿಂದ ಬಟ್ಟೆ ಕತ್ತರಿಸುತ್ತಾ ಹೋಗುತ್ತೇವೆ, ಇನ್ನೊಬ್ಬರು ಐವಿ ಹಾಕುತ್ತಾರೆ, ಮತ್ತೊಬ್ಬರು ಬಿಪಿ ಕೂಗಿ ಹೇಳುತ್ತಾರೆ. ದ್ವೇಷಕ್ಕೂ ಕ್ಷಮೆಗೂ ಆಗ ಪುರುಸೊತ್ತು ಇರುವುದಿಲ್ಲ. ಕಷ್ಟ ಶುರುವಾಗುವುದು ಆಮೇಲೆ. ಎರಡನೇ ದಿನ ಅವನಿಗೆ ನೀರು ಕುಡಿಸಬೇಕಾಗುತ್ತದೆ, ಹಾಸಿಗೆಯ ಬಟ್ಟೆ ಬದಲಾಯಿಸಬೇಕಾಗುತ್ತದೆ, ಆಗ ಅವನು ಕಣ್ಣು ಬಿಟ್ಟು ನಿಮ್ಮನ್ನೇ ನೋಡುತ್ತಿರುತ್ತಾನೆ. ಅದನ್ನು ಮಾಡುವ ನರ್ಸ್‌ಗಳಿಗೆ ನಾನು ಕೈ ಮುಗಿಯುತ್ತೇನೆ.

ಸಂಶಯಪ್ಪ

ಅಂಥವನಿಗೆ ನೀರು ಕುಡಿಸಿ ಬದುಕಿಸಿ, ಆಮೇಲೆ ಮರಣದಂಡನೆ ಕೊಟ್ಟರಲ್ಲ. ಇದ್ಯಾವ ಕರುಣೆ?

ಅಳಿಲುಗುಡ್ಡ

ಇದು ಇಲ್ಲಿ ಇನ್ನೂ ಹಸಿ ಗಾಯ. ಟ್ರೀ ಆಫ್ ಲೈಫ್ ಕಟ್ಟಡದಲ್ಲಿ ಮೂರು ಸಭೆಗಳು, ಅಂದರೆ ಮೂರು ಬೇರೆ ಬೇರೆ ಭಕ್ತರ ಕೂಟಗಳು, ಸೇರುತ್ತಿದ್ದವು. ಟ್ರೀ ಆಫ್ ಲೈಫ್, ನ್ಯೂ ಲೈಟ್, ಡೋರ್ ಹದಾಶ್. ಮೂರರಲ್ಲೂ ಸಾವಾಯಿತು. ಡೋರ್ ಹದಾಶ್‌ನವರು ಮರಣದಂಡನೆ ಬೇಡ ಅಂತ ಸರ್ಕಾರಕ್ಕೆ ಪತ್ರ ಬರೆದರು. ನ್ಯೂ ಲೈಟ್‌ನ ರಬ್ಬಿಯೂ ಬೇಡ ಅಂದರು. ಆದರೆ ಸತ್ತವರ ಕುಟುಂಬಗಳಲ್ಲಿ ಹೆಚ್ಚಿನವರು ಬೇಕೇ ಬೇಕು ಅಂದರು. 2023ರ ಜೂನ್‌ನಲ್ಲಿ 63 ಆರೋಪಗಳೂ ಸಾಬೀತಾದವು, ಆಗಸ್ಟ್‌ನಲ್ಲಿ ಮರಣದಂಡನೆ ಆಯಿತು. 2024ರ ಡಿಸೆಂಬರ್‌ನಲ್ಲಿ ಬೈಡನ್ ಫೆಡರಲ್ ಜೈಲಿನ 37 ಜನರ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿದರು. ಬಿಟ್ಟ ಮೂವರಲ್ಲಿ ಇವನೂ ಒಬ್ಬ.

ನಮ್ಮ ಮಾಲೀಕರು ಮರಣದಂಡನೆಗೆ ವಿರೋಧ. ಅವರ ತಂಗಿ ಪರ. ಹಬ್ಬದ ಊಟಕ್ಕೆ ಕೂತಾಗ ಈ ಮಾತು ಎತ್ತಬಾರದು ಅಂತ ಮನೆಯಲ್ಲಿ ಕಟ್ಟಪ್ಪಣೆ. ಕರುಣೆ ಅಂದರೆ ಎಲ್ಲರೂ ಒಂದೇ ಮಾತು ಹೇಳಬೇಕು ಅಂತೇನೂ ಇಲ್ಲ. ಮಕ್ಕಳನ್ನೋ ತಾಯಿಯನ್ನೋ ಕಳೆದುಕೊಂಡವರಿಗೆ ನಾವು ಹೊರಗಿನವರು ಕ್ಷಮೆಯ ಪಾಠ ಹೇಳುವುದು ನನಗಂತೂ ಹಿಡಿಸುವುದಿಲ್ಲ.

ಕಡಲತಡಿ

ಡೋರ್ ಹದಾಶ್ ಹೆಸರು ಬಂತು ಅಂತ ಒಂದು ಮಾತು. ಈ ಹತ್ಯೆಯ ಕಾರಣವನ್ನು ಜನ ಬೇಗ ಮರೆಯುತ್ತಾರೆ. ಕೊಂದವನ ಸಿಟ್ಟಿದ್ದದ್ದು ಹಯಾಸ್ ಎಂಬ ಯಹೂದಿ ಸಂಸ್ಥೆಯ ಮೇಲೆ. 1881ರಲ್ಲಿ ರಷ್ಯಾದ ಗಲಭೆಗಳಿಂದ ಓಡಿ ಬಂದ ಯಹೂದಿಗಳಿಗೆ ನೆರವಾಗಲು ಹುಟ್ಟಿದ ಸಂಸ್ಥೆ ಅದು. ಹತ್ಯೆಯ ಹೊತ್ತಿಗೆ ಅದು ಯಾವ ಧರ್ಮದ ನಿರಾಶ್ರಿತರಾದರೂ ಸರಿ, ಅಮೆರಿಕದಲ್ಲಿ ನೆಲೆ ಕಾಣಿಸುತ್ತಿತ್ತು. ಅವರಲ್ಲಿ ಮುಸ್ಲಿಮರು ಬೇಕಾದಷ್ಟು ಜನ. ಹತ್ಯೆಗೆ ಒಂದು ವಾರ ಮುಂಚೆ ಹಯಾಸ್ ನಿರಾಶ್ರಿತರಿಗಾಗಿ ವಿಶೇಷ ಸಬ್ಬತ್ (ಯಹೂದಿಗಳ ವಾರದ ಪವಿತ್ರ ದಿನ) ಆಚರಿಸಲು ಕರೆ ಕೊಟ್ಟಿತ್ತು. ಡೋರ್ ಹದಾಶ್ ಹೆಸರು ಆ ಪಟ್ಟಿಯಲ್ಲಿತ್ತು. ಕೊಂದವನು ಆ ಪಟ್ಟಿಯ ಕೊಂಡಿ ಹಾಕಿ, ಇವರು ಹೊರಗಿನವರನ್ನು ಒಳಗೆ ತರುತ್ತಾರೆ ಅಂತ ಬರೆದುಕೊಂಡಿದ್ದ.

ಅಂದರೆ ಈ ಯಹೂದಿಗಳು ಸತ್ತಿದ್ದು ಬೇರೆಯವರಿಗೆ ಬಾಗಿಲು ತೆರೆದದ್ದಕ್ಕೆ. ಅಮೆರಿಕದ ಮುಸ್ಲಿಮರಿಗೆ ಇದು ತಕ್ಷಣ ಅರ್ಥವಾಯಿತು ಅನಿಸುತ್ತದೆ. ಕೆಲವೇ ದಿನಗಳಲ್ಲಿ 2 ಲಕ್ಷ ಡಾಲರ್‌ಗಿಂತ ಜಾಸ್ತಿ ಹಣ ಕೂಡಿಸಿದರು, ಮಣ್ಣಿನ ಖರ್ಚಿಗೆ, ಗಾಯಾಳುಗಳ ಆಸ್ಪತ್ರೆ ಖರ್ಚಿಗೆ. ಪಿಟ್ಸ್‌ಬರ್ಗ್ ಇಸ್ಲಾಮಿಕ್ ಸೆಂಟರ್‌ನ ಆಗಿನ ಮುಖ್ಯಸ್ಥ ವಾಸಿ ಮೊಹಮ್ಮದ್ ಎಂಬವರು ಮಾರನೇ ದಿನದ ಸಭೆಯಲ್ಲಿ ಮಾತಾಡಿದ್ದು ನನಗೆ ಇಷ್ಟ. ಪ್ರಾರ್ಥನೆಯ ಹೊತ್ತಲ್ಲಿ ಹೊರಗೆ ಕಾವಲಿಗೆ ಜನ ಬೇಕಾ, ಹೇಳಿ, ಬರುತ್ತೇವೆ. ದಿನಸಿ ಅಂಗಡಿಗೆ ಒಬ್ಬರೇ ಹೋಗಲು ಹೆದರಿಕೆಯಾ, ಹೇಳಿ, ಜೊತೆಗೆ ಬರುತ್ತೇವೆ ಅಂದರು. ದಿನಸಿ ಅಂಗಡಿ! ವೇದಿಕೆ ಮೇಲೆ ಅಷ್ಟು ಸಣ್ಣ ವಿಷಯ ಹೇಳಲು ಧೈರ್ಯ ಬೇಕು.

ಧಾರವಾಡದ_ಮಳಿ

ಟೆಕ್ಸಾಸ್‌ದಾಗ ವಿಕ್ಟೋರಿಯಾ ಅಂತ ಒಂದು ಸಣ್ಣ ಊರು. 2017ರ ಜನವರಿಯಲ್ಲಿ ಅಲ್ಲಿನ ಮಸೀದಿಗೆ ಒಬ್ಬ ಬೆಂಕಿ ಹಚ್ಚಿದ. ಊರಿನಾಗ ಯಹೂದಿಗಳು ಬೆರಳೆಣಿಕೆಯಷ್ಟು ಜನ. ಅವರು ಮಸೀದಿಯ ಮುಖಂಡರ ಮನೆಗೆ ಹೋಗಿ ತಮ್ಮ ಸಿನಗಾಗ್‌ನ ಕೀಲಿಕೈ ಕೊಟ್ಟು, ನಮಾಜು ಇಲ್ಲೇ ಮಾಡ್ರಿ ಅಂದರು. ಕೀಲಿಕೈ ಕೊಟ್ಟ ಮ್ಯಾಲೆ ಭಾಷಣ ಯಾಕ ಬೇಕ್ರಿ.

ಸಂಶಯಪ್ಪ

ಎಲ್ಲ ಸಿಹಿ ಸಿಹಿ ಕಥೆಗಳೇ. ಒಬ್ಬರೂ ಕೇಳುತ್ತಿಲ್ಲ, ನಾನೇ ಕೇಳುತ್ತೇನೆ. 2023ರ ಅಕ್ಟೋಬರ್ 7ರಂದು ಇಸ್ರೇಲ್ ಮೇಲೆ ಹಮಾಸ್ ದಾಳಿ ಆದ ಮೇಲೆ, ಗಾಜಾದಲ್ಲಿ ಅಷ್ಟು ಜನ ಸತ್ತ ಮೇಲೆ, ಈ ಕೈ ಹಿಡಿದವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರಾ?

ನಿರ್ವಾಹಕರು

ಪ್ರಶ್ನೆ ಇರಲಿ. ಆದರೆ ಗಾಜಾ ಯುದ್ಧದ ಸರಿ ತಪ್ಪಿಗೆ ಬೇರೆ ಎಳೆ ಇದೆ. ಇಲ್ಲಿ ವಿಷಯಕ್ಕೆ ಅಂಟಿಕೊಂಡು ಬರೆಯಿರಿ. ಬೈಗುಳ ಕಂಡರೆ ತೆಗೆಯುತ್ತೇವೆ.

ಭಟ್ಕಳದ_ಹುಡುಗಿ

ಸಂಶಯಪ್ಪನವರೇ, ನನಗೆ ಗೊತ್ತಿದ್ದ ಮಟ್ಟಿಗೆ ಕೆಲವರು ನೋಡುತ್ತಿಲ್ಲ. ನಮ್ಮ ಇಫ್ತಾರ್‌ಗೆ ಬರುತ್ತಿದ್ದ ಯಹೂದಿ ದಂಪತಿ ಈಗ ಬರುವುದಿಲ್ಲ. ನಾನೂ ಕರೆದಿಲ್ಲ. ಅವರ ನೆಂಟರೊಬ್ಬರು ಅಕ್ಟೋಬರ್ 7ರಂದು ತೀರಿಕೊಂಡರು. ನನ್ನ ಗೆಳತಿಯ ಮನೆಯವರು ಗಾಜಾದಲ್ಲಿ. ಯಾರ ದುಃಖ ಮೊದಲು ಕೇಳಬೇಕು ಅನ್ನುವಲ್ಲೇ ಮಾತು ನಿಂತುಹೋಯಿತು.

ಆದರೆ ಅದೇ ತಿಂಗಳು ಇಲಿನಾಯ್‌ನಲ್ಲಿ ಆರು ವರ್ಷದ ಪ್ಯಾಲೆಸ್ತೀನಿ ಹುಡುಗನನ್ನು ಅವರ ಮನೆ ಮಾಲೀಕನೇ ಇರಿದು ಕೊಂದಾಗ ನನಗೆ ಬಂದ ಮೊದಲ ಮೆಸೇಜ್ ಆ ದಂಪತಿಯದೇ. ಎರಡೂ ನಿಜ.

ಕಡಲತಡಿ

ಇದಕ್ಕೆ ಇನ್ನೊಂದು ಸೇರಿಸುತ್ತೇನೆ. 2023ರ ಅಕ್ಟೋಬರ್ 27ರ ಸಂಜೆ ನ್ಯೂಯಾರ್ಕ್‌ನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಸಾವಿರಾರು ಜನ ಕದನ ವಿರಾಮ ಬೇಕು ಅಂತ ಕೂತರು. ಕರೆ ಕೊಟ್ಟಿದ್ದು ಯಹೂದಿಗಳದೇ ಸಂಘಟನೆ, ನೂರಾರು ಜನ ಬಂಧನಕ್ಕೊಳಗಾದರು. ತಾರೀಕು ನೋಡಿ, ಪಿಟ್ಸ್‌ಬರ್ಗ್‌ಗೆ ಸರಿಯಾಗಿ ಐದು ವರ್ಷ. ಇವರಿಗೆ ಯಹೂದಿತನ ಅಂದರೆ ಇದೇ. ಇನ್ನು ಎಷ್ಟೋ ಯಹೂದಿಗಳಿಗೆ ಆ ಪ್ರತಿಭಟನೆ ನೋಡಿ ಬೆನ್ನಿಗೆ ಚೂರಿ ಹಾಕಿದಂತಾಯಿತು. ಅವರಿಗೂ ಯಹೂದಿತನ ಅಂದರೆ ಇದೇ, ನಮ್ಮವರನ್ನು ಬಿಟ್ಟುಕೊಡಬಾರದು ಅನ್ನುವುದು. ದೇವರನ್ನು ನಂಬದವರು ಎರಡೂ ಕಡೆ ಇದ್ದಾರೆ. ಹಾಗಾಗಿ ಸೆಕ್ಯುಲರ್ ಯಹೂದಿ ಅಂದಾಕ್ಷಣ ಅವರ ರಾಜಕೀಯ ಗೊತ್ತಾಯಿತು ಅಂದುಕೊಳ್ಳಬೇಡಿ.

ನರ್ಸಮ್ಮ_ಓಹಾಯೋ

ಒಂದು ವಿಷಯ ಯಾರೂ ಹೇಳಲಿಲ್ಲ. ಆ 11 ಜನರಲ್ಲಿ ಅತ್ಯಂತ ಹಿರಿಯರಿಗೆ 97 ವರ್ಷ. ಅಣ್ಣ ತಮ್ಮ ಇಬ್ಬರಿದ್ದರು, ಬುದ್ಧಿ ಬೆಳವಣಿಗೆಯ ತೊಂದರೆ ಇದ್ದವರು, ಬಾಗಿಲಲ್ಲಿ ನಿಂತು ಬಂದವರನ್ನು ಮಾತಾಡಿಸುತ್ತಿದ್ದವರು. ಗುಂಡಿನ ಸದ್ದು ಕೇಳಿ ಗಾಯಾಳುಗಳ ಕಡೆಗೇ ಓಡಿದ ಡಾಕ್ಟರ್ ಒಬ್ಬರಿದ್ದರು. ಏಡ್ಸ್ ಅಂದರೆ ಎಲ್ಲರೂ ಹೆದರುತ್ತಿದ್ದ ಕಾಲದಲ್ಲಿ ಅವರು ಗ್ಲೌಸ್ ಇಲ್ಲದೆ ರೋಗಿಗಳ ಕೈ ಹಿಡಿಯುತ್ತಿದ್ದರು ಅಂತ ಹಳೆಯ ರೋಗಿಗಳು ನೆನೆದುಕೊಂಡರು. ದಾಳಿ ಆಗಿದ್ದು ಹತ್ತು ಗಂಟೆಗೆ ಸ್ವಲ್ಪ ಮುಂಚೆ. ಅಷ್ಟು ಬೇಗ ಬರುವವರು ಪ್ರತಿ ವಾರ ತಪ್ಪದೆ ಬರುವವರೇ.

ಅಳಿಲುಗುಡ್ಡ

ಹೌದು. ಮಾಲೀಕರನ್ನು ಕಾಡುವುದು ಅದೇ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಪ್ರಾರ್ಥನೆಗೆ ಹತ್ತು ಜನ ಸೇರಬೇಕು. ನಾನು ಹೋಗುತ್ತಿರಲಿಲ್ಲ. ಅವರು ಹೋಗುತ್ತಿದ್ದರು. ನಮ್ಮಪ್ಪ ಸತ್ತಾಗ ನಾನು ಕದ್ದೀಶ್ (ಸತ್ತವರಿಗಾಗಿ ಹೇಳುವ ಪ್ರಾರ್ಥನೆ) ಹೇಳಬೇಕು ಅಂದಿದ್ದರೆ ಅಲ್ಲಿ ಹತ್ತು ಜನ ಇರುತ್ತಿದ್ದರು, ಯಾಕೆಂದರೆ ಇವರಂಥವರು ಬೆಳಿಗ್ಗೆ ಎದ್ದು ಹೋಗುತ್ತಿದ್ದರು."

ಆ ವಾರದ ಪಿಟ್ಸ್‌ಬರ್ಗ್ ಪೋಸ್ಟ್ ಗೆಜೆಟ್ ಪತ್ರಿಕೆ ಅವರು ಇಟ್ಟುಕೊಂಡಿದ್ದಾರೆ. ಮುಖಪುಟದಲ್ಲಿ ದೊಡ್ಡದಾಗಿ ಕದ್ದೀಶ್‌ನ ಮೊದಲ ಸಾಲು, ಹೀಬ್ರೂ ಲಿಪಿಯಲ್ಲೇ. ಅನುವಾದ ಇಲ್ಲ.

ಬಸವನಗುಡಿ_ಬೈಟು

ಈಗ ಆ ಕಟ್ಟಡ ಏನಾಗಿದೆ?

ಅಳಿಲುಗುಡ್ಡ

2024ರ ಆರಂಭದಲ್ಲಿ ಬಹುಪಾಲು ಕೆಡವಿದರು. ಅದೇ ಜಾಗದಲ್ಲಿ ಹೊಸದು ಕಟ್ಟುವುದು. ವಿನ್ಯಾಸ ಡೇನಿಯಲ್ ಲಿಬೆಸ್ಕಿಂಡ್ ಅವರದು, 2024ರ ಜೂನ್‌ನಲ್ಲಿ ಭೂಮಿಪೂಜೆ ಥರದ್ದು ಆಯಿತು. ಪ್ರಾರ್ಥನಾ ಮಂದಿರದ ಜೊತೆಗೆ ಸ್ಮಾರಕ ಮತ್ತು ಮ್ಯೂಸಿಯಂ. ಹಳೆಯ ಬಣ್ಣದ ಗಾಜಿನ ಕಿಟಕಿಗಳನ್ನು ಬಿಚ್ಚಿ ಜೋಪಾನ ಮಾಡಿದ್ದಾರೆ.

ಭಟ್ಕಳದ_ಹುಡುಗಿ

ಮತ್ತೆ ಹೋಗ್ತಿದ್ದೀರಾ ಇಲ್ವಾ? ಅದನ್ನು ಹೇಳಿ. ಹೋದರೆ ಬರೀ ಸಭೆಗೆ ಹೋಗಬೇಡಿ, ಸೇವೆಯ ಕೆಲಸಗಳೂ ಇರುತ್ತವೆ ಅಂತ ಕೇಳಿದ್ದೇನೆ.

ಅಳಿಲುಗುಡ್ಡ

ಹೋಗುತ್ತಿದ್ದೇವೆ. ತೋರಾ (ಯಹೂದಿ ಧರ್ಮಗ್ರಂಥ) ಪಾಠ, ರಕ್ತದಾನ, ಸ್ವಚ್ಛತೆ ಕೆಲಸ ಇವೆಲ್ಲ ಇವೆ. ನಾನು ರಕ್ತದಾನಕ್ಕೆ ಹೆಸರು ಕೊಟ್ಟೆ. ನನ್ನ ಹೆಂಡತಿಗೆ ಹಿಮೋಗ್ಲೋಬಿನ್ ಕಮ್ಮಿ, ಅವಳು ಚೀಟಿ ಬರೆಯುವ ಟೇಬಲ್‌ಗೆ. ಮಾಲೀಕರು ತೋರಾ ಪಾಠಕ್ಕೆ ಕೂರುತ್ತಾರಂತೆ, ವಾದ ಮಾಡಲು. ಟೊರೊಂಟೊದಿಂದ ಬರುವ ಯೋಚನೆ ಇದ್ದರೆ ಹೇಳಿ, ಮೇಲಿನ ರೂಮ್ ಖಾಲಿ ಇದೆ.

ಭಟ್ಕಳದ_ಹುಡುಗಿ

ಕಾರಲ್ಲಿ ಐದಾರು ಗಂಟೆ ಅಲ್ವಾ? ರಜೆ ನೋಡುತ್ತೇನೆ. ನೀವು ಸಸ್ಯಾಹಾರಿಗಳಾ? ಮಾಲೀಕರಿಗೆ ಕೋಷರ್ (ಯಹೂದಿ ಆಹಾರ ನಿಯಮ) ತೊಂದರೆ ಇಲ್ಲ ಅಂತ ಗೊತ್ತಾಯ್ತು.

ಅಳಿಲುಗುಡ್ಡ

ನಾವು ಮೊಟ್ಟೆ ತಿನ್ನುತ್ತೇವೆ. ಅವರು ಎಲ್ಲ ತಿನ್ನುತ್ತಾರೆ, ಖಾರ ಮಾತ್ರ ಆಗಲ್ಲ.